ಬಸವನಗುಡಿಯ ಪಂಕ್ತಿ

ಒಂದು ಊರನ್ನು ಅರಿಯಬೇಕಾದರೆ ಅಲ್ಲಿನ ಗುಡಿಗೋಪುರಗಳನ್ನು ನೋಡಬೇಕೆಂದು ಕೆಲವರು ಹೇಳುತ್ತಾರೆ. ಸಂತೆಯನ್ನು ನೋಡಬೇಕೆಂದು ಮತ್ತೆ ಕೆಲವರು. ಆ ಊರಿನ ಜನ ಯಾವ ಹೊತ್ತಿನಲ್ಲಿ, ಎಲ್ಲಿ, ಯಾರ ಪಕ್ಕದಲ್ಲಿ ಕುಳಿತು ಉಣ್ಣುತ್ತಾರೆಂಬುದನ್ನು ಕಂಡರೂ ಊರಿನ ಅಂತರಂಗ ಬಹುಮಟ್ಟಿಗೆ ತಿಳಿದಂತೆಯೇ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯುಂಟು. ಆದರೆ ಪಟ್ಟಣದ ಬೀದಿಯಲ್ಲಿ ಊಟವೂ ಕೇವಲ ತನ್ನಿಚ್ಛೆಯದಲ್ಲ. ಅದರ ಹಿಂದೆ ಹತ್ತಾರು ಕೈಗಳ ದುಡಿಮೆಯಿದೆ, ಹಲವು ತಲೆಮಾರುಗಳ ಚರಿತ್ರೆಯಿದೆ. ಬೆಂಗಳೂರಿನ ಬಸವನಗುಡಿ ಈ ಮಾತಿಗೆ ಒಳ್ಳೆಯ ನಿದರ್ಶನ.

ಕೆಂಪೇಗೌಡರು ಕಟ್ಟಿಸಿದರೆಂದು ಪ್ರತೀತಿಯಿರುವ ದೊಡ್ಡ ಬಸವನ ಗುಡಿಯಿಂದ ಈ ಭಾಗಕ್ಕೆ ಹೆಸರು ಬಂದಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ತತ್ತರಿಸಿದಾಗ, ಗಾಳಿ ಬೆಳಕು ಚೆನ್ನಾಗಿ ಬರುವ ಹೊಸ ಬಡಾವಣೆಗಳು ಬೇಕೆಂಬ ಅರಿವು ಬಲವಾಯಿತು. ಆ ಕಾಲದಲ್ಲಿ ಬೆಳೆದುಬಂದ ಬಡಾವಣೆಗಳು ಉತ್ತರದಲ್ಲಿ ಮಲ್ಲೇಶ್ವರ, ದಕ್ಷಿಣದಲ್ಲಿ ಬಸವನಗುಡಿ. ವಿಶಾಲವಾದ ರಸ್ತೆಗಳು, ಸಾಲುಮರಗಳು, ನಡುವೆ ಗಾಂಧಿ ಬಜಾರು. ಹೂವು, ಹಣ್ಣು, ಕಾಫಿಪುಡಿ, ಪೂಜಾಸಾಮಗ್ರಿ ಎಲ್ಲವೂ ಅಲ್ಲಿ ದೊರೆಯುತ್ತವೆ. ಕವಿ ನಿಸಾರ್ ಅಹಮದರು 1960ರಲ್ಲಿ ಹೊರತಂದ ತಮ್ಮ ಮೊದಲ ಕವನಸಂಕಲನಕ್ಕೆ ‘ಮನಸು ಗಾಂಧಿ ಬಜಾರು’ ಎಂದು ಹೆಸರಿಟ್ಟರು. ಮನಸ್ಸಿಗೆ ಹೋಲಿಸುವಷ್ಟು ವೈವಿಧ್ಯ ಆ ಬೀದಿಗೆ ಅಂದೇ ಇತ್ತು.

ಈ ಬಡಾವಣೆಯ ಒಂದು ಹಳೆಯ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ವಾಸವಾಗಿದ್ದಾರೆ. ಅವರು 1963ರಲ್ಲಿ, ತಮ್ಮ ಹನ್ನೊಂದನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ ಇಲ್ಲಿನ ಸಣ್ಣ ಹೋಟೆಲೊಂದಕ್ಕೆ ಲೋಟ ತೊಳೆಯಲು ಬಂದವರು. ಮುಂದೆ ಬಡಿಸುವವರಾಗಿ, ಅಡಿಗೆಯವರಾಗಿ, ಕೊನೆಗೆ ಲೆಕ್ಕ ಬರೆಯುವವರಾಗಿ ನಲವತ್ತು ವರ್ಷ ದುಡಿದರು. ಆ ಹೋಟೆಲು ಈಗಿಲ್ಲ. ಅದಿದ್ದ ಜಾಗದಲ್ಲಿ ಬಟ್ಟೆಯಂಗಡಿ ಎದ್ದಿದೆ. ಆದರೂ ಹೋಟೆಲಿನವರ ಎಚ್ಚರ ಅವರನ್ನು ಬಿಟ್ಟುಹೋಗಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಅವರ ಕಣ್ಣು ತಾನಾಗಿಯೇ ತೆರೆಯುತ್ತದೆ.

ಸಂಕ್ರಾಂತಿಯ ಮುಂಚಿನ ಒಂದು ಭಾನುವಾರ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗನನ್ನು ಅವರು ನಸುಕಿನಲ್ಲೇ ಎಬ್ಬಿಸಿದರು. “ಏಳು ಮಾಣಿ, ಇವತ್ತು ಮನೆಯಲ್ಲಿ ಒಲೆ ಹಚ್ಚುವುದು ಬೇಡ. ಬೆಳಗಿನಿಂದ ರಾತ್ರಿಯವರೆಗೆ ಬಸವನಗುಡಿಯೇ ನಮಗೆ ಉಣಬಡಿಸಲಿ” ಎಂದರು. ‘ಮಾಣಿ’ ಎಂದರೆ ಅವರ ಕಡೆಯ ಮಾತಿನಲ್ಲಿ ಹುಡುಗ. ತಾಯಿ ಮಗನನ್ನು, ಅಜ್ಜ ಮೊಮ್ಮಗನನ್ನು ಅಕ್ಕರೆಯಿಂದ ಕರೆಯುವ ಹೆಸರು ಅದು. ಹುಡುಗ ಕಂಬಳಿ ಕೊಡವಿ ಎದ್ದ.

ಅಜ್ಜನದು ಒಂದೇ ನಿಯಮ: ಎಲ್ಲಿ ಹೋದರೂ ಇಬ್ಬರಿಗೂ ಸೇರಿ ಒಂದೇ ತಟ್ಟೆ. ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತನ್ನು ಅವರು ಮರೆತವರಲ್ಲ.

ಮಾಘದ ಚಳಿ ಇನ್ನೂ ಬಂದಿರಲಿಲ್ಲವಾದರೂ ಪುಷ್ಯದ ಮಂಜು ಮರಗಳ ತಲೆಯ ಮೇಲೆ ಕುಳಿತಿತ್ತು. ಗಾಂಧಿ ಬಜಾರಿನಲ್ಲಿ ಹೂವಿನವರು ಆಗಲೇ ಮೂಟೆಗಳನ್ನು ಬಿಚ್ಚಿ ಸೇವಂತಿಗೆಯನ್ನೂ ಕನಕಾಂಬರವನ್ನೂ ರಾಶಿ ಹಾಕುತ್ತಿದ್ದರು. ಹಬ್ಬಕ್ಕೆಂದು ಬಂದ ಕಬ್ಬಿನ ಜಲ್ಲೆಗಳು ಗೋಡೆಗೆ ಒರಗಿ ನಿಂತಿದ್ದವು. ಮೂಲೆಯ ಸಣ್ಣ ಅಂಗಡಿಯೊಂದರಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಹಾಲಿನವರು, ಪತ್ರಿಕೆ ಹಂಚುವ ಹುಡುಗರು, ರಸ್ತೆ ಗುಡಿಸಿ ಬಂದ ಪೌರಕಾರ್ಮಿಕರು, ವಾಯುವಿಹಾರಕ್ಕೆ ಹೊರಟ ವೃದ್ಧರು ಅಲ್ಲಿ ಕೈಯಲ್ಲಿ ಲೋಟ ಹಿಡಿದು ನಿಂತಿದ್ದರು. ಚಿಕ್ಕಮಗಳೂರು ಕೊಡಗುಗಳ ಬೆಟ್ಟಗಳಲ್ಲಿ ಬೆಳೆದ ಕಾಫಿ ಬೀಜ ಹುರಿದು, ಪುಡಿಯಾಗಿ, ಬಿಸಿನೀರಿನಲ್ಲಿ ತೊಟ್ಟುತೊಟ್ಟಾಗಿ ಇಳಿದು, ಹಾಲಿನೊಡನೆ ನೊರೆಯೆದ್ದು ಕೈಸೇರುವ ಹೊತ್ತಿಗೆ ಚಳಿ ಅರ್ಧ ಓಡಿಹೋಗಿರುತ್ತದೆ.

“ಒಂದು ಕಾಫಿ, ಬೈಟು” ಎಂದರು ಅಜ್ಜ. ಒಂದು ಕಾಫಿಯನ್ನು ಎರಡು ಲೋಟಗಳಲ್ಲಿ ಹಂಚಿಕೊಳ್ಳುವುದು ಬೆಂಗಳೂರಿನ ಹಳೆಯ ರೂಢಿ. ಹುಡುಗನಿಗೆ ನಗು ಬಂದಿತು. “ಅಜ್ಜಯ್ಯ, ಇನ್ನಷ್ಟು ದುಡ್ಡು ಕೊಟ್ಟರೆ ಎರಡು ಪೂರ್ತಿ ಕಾಫಿಯೇ ಬರುತ್ತದಲ್ಲ?”

“ದುಡ್ಡಿನ ಮಾತಲ್ಲ, ಮಾಣಿ. ಆಮೇಲೆ ಹೇಳುತ್ತೇನೆ” ಎಂದು ಅವರು ಲೋಟದ ಬಿಸಿಗೆ ಅಂಗೈಯೊಡ್ಡಿದರು.

ಬೆಳಕು ಹರಿಯುತ್ತಿದ್ದಂತೆ ಇಬ್ಬರೂ ಶಂಕರಪುರದ ಕಡೆಗೆ ನಡೆದರು. ಅಲ್ಲಿ 1965ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಎಂಬ ಪುಟ್ಟ ಉಪಾಹಾರಗೃಹವಿದೆ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಜೊತೆಗೆ ಕಾಫಿ ಚಹಾ; ಇಷ್ಟಕ್ಕೇ ಅದು ಹೆಸರಾಯಿತು. ಸಾಂಬಾರಿನ ಸುದ್ದಿಯೇ ಇಲ್ಲ, ಚಟ್ನಿಯದೇ ದರ್ಬಾರು. ತಟ್ಟೆ ಹಿಡಿದವರು ಕಾಲುದಾರಿಯ ಮೇಲೆ, ಮರದಡಿ, ನಿಲ್ಲಿಸಿದ ವಾಹನಗಳ ಪಕ್ಕದಲ್ಲಿ ನಿಂತು ತಿನ್ನುತ್ತಿದ್ದರು. ಮಲ್ಲಿಗೆಯಂತೆ ಬಿರಿದ ಇಡ್ಲಿಯನ್ನು ಮುರಿಯುತ್ತ ಹುಡುಗ ಬಾಗಿಲ ಮೇಲಿನ ಹಲಗೆಯನ್ನೋದಿ, “ಹೋಟೆಲಿಗೆ ಜಾತಿಯ ಹೆಸರೇಕೆ?” ಎಂದು ಕೇಳಿದ.

ಅಜ್ಜ ವಿವರಿಸಿದರು. ಮನೆಯ ಹೊರಗೆ ಉಣ್ಣುವುದೇ ಮೈಲಿಗೆಯೆಂದು ತಿಳಿದಿದ್ದ ಕಾಲವೊಂದಿತ್ತು. ಬೇಯಿಸಿದವನ ಜಾತಿ ಯಾವುದೆಂದು ವಿಚಾರಿಸದೆ ಅನೇಕರು ಬಾಯಿಗೆ ತುತ್ತಿಡುತ್ತಿರಲಿಲ್ಲ. ಆದುದರಿಂದ ಅಡಿಗೆಯವನ ಜಾತಿಯನ್ನು ಹಲಗೆಯ ಮೇಲೆ ಬರೆಯುವುದು ಹೋಟೆಲುಗಳ ವಾಡಿಕೆಯಾಯಿತು. ವಾಡಿಕೆಯ ಕಾರಣ ಮರೆಯಾದರೂ ಹೆಸರು ಅಲ್ಲಲ್ಲಿ ಉಳಿಯಿತು. “ಈಗ ಸುತ್ತ ನೋಡು” ಎಂದರು ಅವರು. ಹುಡುಗ ನೋಡಿದ. ಆಟೋ ಓಡಿಸುವವರು, ಕಾಲೇಜಿನ ಹುಡುಗಿಯರು, ಮಗುವನ್ನು ಸೊಂಟದ ಮೇಲಿಟ್ಟುಕೊಂಡ ತಾಯಿ, ಕೋಟು ತೊಟ್ಟ ಅಧಿಕಾರಿ, ಎಲ್ಲರೂ ಒಂದೇ ಬಗೆಯ ತಟ್ಟೆ ಹಿಡಿದು ನಿಂತಿದ್ದರು. ಯಾರ ಜಾತಿ ಯಾವುದೆಂದು ಇಡ್ಲಿ ಕೇಳಿದಂತೆ ತೋರಲಿಲ್ಲ.

ಅಲ್ಲಿಂದ ಹೊರಟು ಬ್ಯೂಗಲ್ ರಾಕಿನ ಬಂಡೆಗಳನ್ನು ಸುತ್ತಿ, ದೊಡ್ಡ ಬಸವನನ್ನು ಕಂಡು ಬಂದರು. ಕಾರ್ತಿಕ ಮಾಸದ ಕೊನೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ ಸೇರುತ್ತದೆ. ಈ ನೆಲದಲ್ಲಿ ಹಿಂದೆ ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ ಎಂಬ ಹಳ್ಳಿಗಳಿದ್ದವು. ರೈತರು ಕಡಲೆಕಾಯಿ ಬೆಳೆಯುತ್ತಿದ್ದರು. ರಾತ್ರಿಯ ವೇಳೆ ಬಸವನೊಂದು ಬೆಳೆಯನ್ನು ಮೇಯುತ್ತಿತ್ತೆಂದೂ, ಅದನ್ನು ಶಾಂತಪಡಿಸಲು ಮೊದಲ ಫಸಲನ್ನು ಬಸವನಿಗೆ ಅರ್ಪಿಸುವ ಹರಕೆ ಹೊತ್ತರೆಂದೂ ಐತಿಹ್ಯವಿದೆ. ಹೊಲಗಳು ಬೀದಿಗಳಾದವು, ಹಳ್ಳಿಗಳು ಬಡಾವಣೆಗಳಾದವು. ಪರಿಷೆ ಮಾತ್ರ ನಿಂತಿಲ್ಲ. ಇಂದಿಗೂ ಸುತ್ತಲಿನ ಜಿಲ್ಲೆಗಳಿಂದ, ನೆರೆರಾಜ್ಯಗಳಿಂದ ಕಡಲೆಕಾಯಿಯ ಮೂಟೆಗಳು ಬಂದು ರಸ್ತೆಯ ಎರಡೂ ಬದಿ ರಾಶಿಯಾಗುತ್ತವೆ. ಪಟ್ಟಣದವನು ತಾನು ತಿನ್ನುವ ಕಾಳನ್ನು ಬೆಳೆದವನ ಮುಖವನ್ನು ವರ್ಷಕ್ಕೊಮ್ಮೆಯಾದರೂ ನೋಡುವ ಹಬ್ಬ ಅದು.

ನಡೆದು ಬಂದುದರಿಂದ ಹಸಿವು ಮತ್ತೆ ಕೆರಳಿತ್ತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಭಾನುವಾರದ ಸಾಲು ಬೆಳೆದಿತ್ತು. 1943ರಲ್ಲಿ, ಸುತ್ತಮುತ್ತಲ ವಿದ್ಯಾರ್ಥಿಗಳಿಗಾಗಿ ಆರಂಭವಾದ ಈ ಹೋಟೆಲಿಗೆ ಹೆಸರೂ ಅವರಿಂದಲೇ ಬಂದಿತು. ಇಲ್ಲಿನ ಮಸಾಲೆದೋಸೆಯ ಕೀರ್ತಿ ಊರಿನ ಎಲ್ಲೆ ದಾಟಿದೆ. ಗೋಡೆಗಳ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳಿವೆ. ಅಡಿಗೆಮನೆಯಿಂದ ಹೊರಬರುವ ಪರಿಚಾರಕರು ಹತ್ತಕ್ಕೂ ಹೆಚ್ಚು ದೋಸೆಯ ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಒಂದರ ಮೇಲೊಂದಾಗಿ ಜೋಡಿಸಿ, ಇಕ್ಕಟ್ಟಿನ ದಾರಿಯಲ್ಲಿ ಯಾರಿಗೂ ತಾಗದಂತೆ ನುಸುಳುವ ನೋಟವನ್ನು ನೋಡಿಯೇ ಅರಿಯಬೇಕು.

ಹುಡುಗನಿಗೆ ತಾಳ್ಮೆ ಮೀರಿತ್ತು. ಎದುರಿನ ಮೇಜಿಗೆ ದೋಸೆ ಬಂದುದನ್ನು ಕಂಡು ಅವನು ಚಿಟಿಕೆ ಹೊಡೆದು, “ಏಯ್, ಇಲ್ಲಿ ಬಾ!” ಎಂದು ಕೂಗಿದ. ಪರಿಚಾರಕರು ಅವನ ತಂದೆಯ ವಯಸ್ಸಿನವರು. ಅವರು ಬೇಸರಿಸದೆ, “ಬಂದೆ ಮರಿ” ಎಂದು ಮುಂದೆ ಹೋದರು. ಅಜ್ಜನ ಮುಖದಲ್ಲಿದ್ದ ನಗು ಮಾತ್ರ ಆರಿಹೋಯಿತು. ದೋಸೆ ಬಂದಿತು, ಹೊರಗೆ ಗರಿಗರಿಯಾಗಿ, ಒಳಗೆ ಮೆತ್ತಗೆ, ಬೆಣ್ಣೆಯ ಕಂಪಿನಿಂದ ಕೂಡಿತ್ತು. ಅವರು ಒಂದು ತುಂಡನ್ನೂ ಮುಟ್ಟಲಿಲ್ಲ.

“ತಪ್ಪಾಯಿತೇ ಅಜ್ಜಯ್ಯ?” ಎಂದು ಹುಡುಗ ಮೆಲ್ಲಗೆ ಕೇಳಿದ.

“ಮನೆಯಲ್ಲಿ ನನ್ನ ಅಮ್ಮ ನನ್ನನ್ನು ಮಾಣಿ ಎಂದು ಕರೆಯುತ್ತಿದ್ದಳು” ಎಂದು ಅವರು ಆರಂಭಿಸಿದರು. “ಇಲ್ಲಿಗೆ ಬಂದ ಮೇಲೆ ಎಲ್ಲರೂ ಹಾಗೆಯೇ ಕರೆದರು. ಮಾತು ಒಂದೇ, ದನಿ ಬೇರೆ. ಹೋಟೆಲಿನಲ್ಲಿ ಮಾಣಿ ಎಂದರೆ ಹೆಸರಿಲ್ಲದವನು ಎಂದರ್ಥ. ಮೇಜು ಒರೆಸು ಮಾಣಿ, ನೀರು ತಾ ಮಾಣಿ. ಮೂರು ವರ್ಷ ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ಕೇಳದಿದ್ದ ಮೇಲೆ ನಾನೂ ಮರೆತೆ.”

ದಿನವೂ ಸಂಜೆ ಕಾಫಿಗೆ ಬರುತ್ತಿದ್ದ ಉಪಾಧ್ಯಾಯರೊಬ್ಬರು ಒಂದು ದಿನ, “ನಿನ್ನ ಹೆಸರೇನಪ್ಪಾ?” ಎಂದು ಆ ಹುಡುಗನನ್ನು ಕೇಳಿದರಂತೆ. ಉತ್ತರ ಹೇಳಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಎರಡನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅವನಿಗೆ ಕಲಿತ ಅಕ್ಷರಗಳೂ ಮರೆತುಹೋಗಿದ್ದವು. ಉಪಾಧ್ಯಾಯರು ಲೋಟದ ನೀರಿನಲ್ಲಿ ಬೆರಳದ್ದಿ ಅಮೃತಶಿಲೆಯ ಮೇಜಿನ ಮೇಲೆ ಅವನ ಹೆಸರನ್ನು ಬರೆದರು. ಅಭ್ಯಾಸಬಲದಿಂದ ಹುಡುಗ ಬಟ್ಟೆ ಮುಂದೆ ಚಾಚಿದಾಗ, “ಒರೆಸಬೇಡ, ಮೊದಲು ಓದು” ಎಂದರು. ಮೇಜು ಒರೆಸುವುದನ್ನೇ ಕೆಲಸವಾಗಿ ಉಳ್ಳ ಹುಡುಗ ಅಂದು ಒಂದು ಮೇಜನ್ನು ಒರೆಸದೆ ಬಿಟ್ಟ. ಅಕ್ಷರಗಳು ತಾವಾಗಿಯೇ ಆರುವವರೆಗೆ ನೋಡುತ್ತ ನಿಂತ. ಮರುದಿನ ಮತ್ತೆ ಬರೆದರು. ಅದರ ಮರುದಿನವೂ ಬರೆದರು. ಆರು ತಿಂಗಳಲ್ಲಿ ಅವನು ರಾತ್ರಿಶಾಲೆಗೆ ಸೇರಿದ.

ಕತೆ ಮುಗಿದಾಗ ತಟ್ಟೆಯಲ್ಲಿ ಅರ್ಧ ದೋಸೆ ಉಳಿದಿತ್ತು. ಹುಡುಗ ಅದನ್ನು ಅಜ್ಜನ ಕಡೆಗೆ ಸರಿಸಿದ. ಹೊರಡುವಾಗ ಪರಿಚಾರಕರ ಮುಖವನ್ನು ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

ಮಧ್ಯಾಹ್ನದ ಊಟಕ್ಕೆ ಅವರು ಲಾಲ್‌ಬಾಗಿನ ನೆರಳಿನಲ್ಲಿ ಹಾಯ್ದು ಮಾವಳ್ಳಿಯ ಕಡೆಗೆ ಹೋದರು. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫನ್ ರೂಮ್ಸ್ ಎಂದರೆ ಎಂ.ಟಿ.ಆರ್. ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. ಆಗ ಇದರ ಹೆಸರೂ ಬ್ರಾಹ್ಮಣರ ಕಾಫಿ ಕ್ಲಬ್ಬು ಎಂದೇ ಇತ್ತು. ಈಗಿನ ಹೆಸರು 1960ರಲ್ಲಿ ಬಂದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾ ಜಪಾನಿನ ವಶವಾಗಿ ಅಕ್ಕಿಗೆ ಅಭಾವವಾದಾಗ, ಅಕ್ಕಿಯ ಬದಲು ರವೆಯಿಂದ ಇಡ್ಲಿ ಮಾಡಿ ನೋಡಿದರೆಂದೂ, ರವೆಇಡ್ಲಿ ಹುಟ್ಟಿದ್ದು ಹೀಗೆಯೇ ಎಂದೂ ಇಲ್ಲಿಯವರು ಹೇಳುತ್ತಾರೆ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಪ್ರವಾಸ ಮಾಡಿ ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನು ಕಂಡು ಬಂದರು. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಕ್ರಮವನ್ನು ಇಲ್ಲಿ ಜಾರಿಗೆ ತಂದರು. 1975ರ ತುರ್ತುಪರಿಸ್ಥಿತಿಯ ದಿನಗಳಲ್ಲಿ ತಿಂಡಿಗಳ ಬೆಲೆಯನ್ನು ಬಹಳ ಇಳಿಸಬೇಕಾಗಿ ಬಂದಾಗ, ಗುಣಮಟ್ಟವನ್ನು ಇಳಿಸಲು ಒಪ್ಪದೆ ನಷ್ಟವನ್ನೇ ಸಹಿಸಿದರು. ಕೊನೆಗೆ ಹೋಟೆಲನ್ನು ಕೆಲಕಾಲ ಮುಚ್ಚಿದರು. ಆ ಕಷ್ಟದ ಕಾಲದಲ್ಲಿಯೇ ಪೊಟ್ಟಣದ ಹಿಟ್ಟು ಮಸಾಲೆಗಳ ಉದ್ಯಮ ಬೆಳೆಯಿತು.

ಸರದಿ ಬಂದಾಗ ಅಜ್ಜ ಮೊಮ್ಮಗ ಇಬ್ಬರಿಗೂ ಅಪರಿಚಿತರಿದ್ದ ಮೇಜಿನಲ್ಲಿಯೇ ಸ್ಥಳ ದೊರೆಯಿತು. ಒಂದಾದ ಮೇಲೊಂದು ಬಗೆ ಬಡಿಸುತ್ತ ಬಂದರು. ಬಿಸಿಬೇಳೆಬಾತಿಗೆ ತುಪ್ಪ ಬೇಕೇ ಎಂದು ಪಕ್ಕದವರು ಕೇಳಿ ಬಟ್ಟಲನ್ನು ಮುಂದೆ ಸರಿಸಿದರು. ಪಂಕ್ತಿಯಲ್ಲಿ ಕುಳಿತ ಮೇಲೆ ಪರಿಚಯವಿಲ್ಲದವರೂ ನೆಂಟರಾಗುತ್ತಾರೆ. ಊಟ ಮುಗಿಸಿ ಲಾಲ್‌ಬಾಗಿಗೆ ಹಿಂದಿರುಗಿ ಮರವೊಂದರ ಕೆಳಗೆ ಕುಳಿತಾಗ ಹುಡುಗ ಬೆಳಗಿನ ಮಾತನ್ನು ನೆನಪಿಸಿದ. “ಬೈಟು ಕಾಫಿಯ ವಿಷಯ ಹೇಳುತ್ತೇನೆ ಎಂದಿದ್ದಿರಿ.”

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಉಪಾಧ್ಯಾಯರ ಕತೆಯನ್ನು ಅವರು ಅನೇಕರಿಗೆ ಹೇಳಿದ್ದರು. ಈ ಕತೆಯನ್ನು ಯಾರಿಗೂ ಹೇಳಿರಲಿಲ್ಲ.

ಅವರು ಲೋಟ ತೊಳೆಯುತ್ತಿದ್ದ ಹೋಟೆಲಿನಲ್ಲಿ ಸೌದೆಯ ಒಲೆಗಳಿದ್ದವು. ಹಿತ್ತಿಲಿನಲ್ಲಿ ಸೌದೆ ಒಡೆಯಲು ಒಬ್ಬ ಮುದುಕನೂ ಅವನ ಮಗನೂ ಬರುತ್ತಿದ್ದರು. ಮಗನಿಗೆ ಮಾಣಿಯದೇ ವಯಸ್ಸು. ಸಾರ್ವಜನಿಕ ಹೋಟೆಲುಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನ ಸಾರಿತ್ತು. ಅಸ್ಪೃಶ್ಯತೆಯ ಆಚರಣೆ ಶಿಕ್ಷಾರ್ಹವೆಂದು 1955ರ ಕಾನೂನು ಹೇಳಿತ್ತು. ಆದರೆ ಆ ಹೋಟೆಲಿನಲ್ಲಿ ಕಾನೂನು ಮುಂಬಾಗಿಲಿನಿಂದ ಒಳಗೆ ಬಂದಿದ್ದರೂ ಹಿಂಬಾಗಿಲಿನವರೆಗೆ ತಲಪಿರಲಿಲ್ಲ. ಹಿತ್ತಿಲ ಗೋಡೆಯ ಮೊಳೆಗೆ ಎರಡು ಅಲ್ಯೂಮಿನಿಯಂ ಲೋಟಗಳು ತೂಗುತ್ತಿದ್ದವು. ತಂದೆ ಮಕ್ಕಳು ಅವನ್ನು ತಾವೇ ತೆಗೆದುಕೊಂಡು ಹಿಡಿಯಬೇಕು. ಮಾಣಿ ಮೇಲಿನಿಂದ, ಲೋಟಕ್ಕೆ ಲೋಟ ತಾಗದಂತೆ, ಕಾಫಿ ಸುರಿಯಬೇಕು. ಕುಡಿದ ಮೇಲೆ ಅವರೇ ತೊಳೆದು ಮತ್ತೆ ಮೊಳೆಗೆ ಹಾಕಬೇಕು. ಹೀಗೆ ಮಾಡೆಂದು ಹೇಳಿದ್ದರು. ಮಾಣಿ ಹಾಗೆಯೇ ಮಾಡುತ್ತಿದ್ದ.

“ಒಂದು ದಿನ ಆ ಹುಡುಗ ಕೇಳಿದ. ‘ಅಷ್ಟು ಮೇಲಿನಿಂದ ಯಾಕೆ ಸುರಿಯುತ್ತೀಯೆ? ಕಾಫಿ ಆರಿಹೋಗುತ್ತದಲ್ಲ.’ ಅವನು ಜಗಳಕ್ಕೆ ಕೇಳಲಿಲ್ಲ, ಮಾಣಿ. ಚಳಿಯಿತ್ತು, ಅವನಿಗೆ ಬಿಸಿ ಕಾಫಿ ಬೇಕಿತ್ತು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ನನ್ನ ಹೆಸರನ್ನು ಯಾರೂ ಕೇಳುವುದಿಲ್ಲವೆಂದು ಅಳುತ್ತಿದ್ದ ನಾನು ಅವನ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.”

ಕಾಲ ಉರುಳಿತು. ಸೌದೆಯ ಒಲೆಗಳು ಹೋಗಿ ಅನಿಲದ ಒಲೆಗಳು ಬಂದವು. 1983ರಲ್ಲಿ ಪಕ್ಕದ ಜಯನಗರದಲ್ಲಿ ಕೆಫೆ ದರ್ಶಿನಿ ಎಂಬ ಹೊಸ ಬಗೆಯ ಉಪಾಹಾರಗೃಹ ಆರಂಭವಾಯಿತು. ಮೊದಲೇ ಹಣ ಕೊಟ್ಟು ಚೀಟಿ ಪಡೆದು, ತಿಂಡಿಯನ್ನು ತಾವೇ ತಂದುಕೊಂಡು, ಎತ್ತರದ ಮೇಜಿನ ಸುತ್ತ ನಿಂತು ತಿನ್ನುವ ಪದ್ಧತಿ ಅದು. ಮುಂದೆ ಬೆಂಗಳೂರಿನ ಬೀದಿಬೀದಿಗಳಲ್ಲಿ ದರ್ಶಿನಿಗಳು ಹುಟ್ಟಿದವು. ಒಳಕೋಣೆ, ಹೊರಕೋಣೆ ಎಂಬ ಭೇದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಅಂಥ ಒಂದು ಮೇಜಿನ ಬಳಿ, 1990ರ ದಶಕದಲ್ಲಿ ಒಂದು ಸಂಜೆ, ಅಜ್ಜನ ಎದುರಿಗೆ ಒಬ್ಬರು ಬಂದು ನಿಂತರು. ಅಂಚೆ ನೌಕರರ ಖಾಕಿ ಉಡುಪು. ಎಡಗೈಯ ಹೆಬ್ಬೆರಳಿನ ಮೇಲೆ ಕೊಡಲಿಯ ಹಳೆಯ ಗಾಯದ ಗುರುತು. ಒಬ್ಬರನ್ನೊಬ್ಬರು ಗುರುತಿಸಲು ತಡವಾಗಲಿಲ್ಲ. ಅಜ್ಜನ ಕೈಯಲ್ಲಿ ಒಂದು ಕಾಫಿಯ ಚೀಟಿಯಿತ್ತು. “ಬೈಟು ಮಾಡೋಣವೇ?” ಎಂದು ಕೇಳಿದರು. ಲೋಟಗಳು ಬಂದವು. ಅಜ್ಜ ಒಂದರ ಅಂಚನ್ನು ಇನ್ನೊಂದರ ಅಂಚಿಗೆ ತಾಗಿಸಿ, ನಿಧಾನವಾಗಿ, ಒಂದು ತೊಟ್ಟೂ ಚೆಲ್ಲದಂತೆ ಕಾಫಿಯನ್ನು ಬಗ್ಗಿಸಿದರು. ಅಂಚೆಯವರು ಒಂದು ಗುಟುಕು ಕುಡಿದು, “ಬಿಸಿಯಾಗಿದೆ” ಎಂದರು. ಅಷ್ಟೇ ಮಾತು.

“ಅವರ ಹೆಸರು ಕೇಳಿದಿರಾ?” ಎಂದ ಹುಡುಗ.

“ಮೊದಲು ಅದನ್ನೇ ಕೇಳಿದೆ. ಮೂವತ್ತು ವರ್ಷ ತಡವಾಗಿ ಕೇಳಿದೆ.” ಆ ಬಳಿಕ ಅವರು ತೀರಿಕೊಳ್ಳುವವರೆಗೂ ಭಾನುವಾರದ ಕಾಫಿಯನ್ನು ಇಬ್ಬರೂ ಹಂಚಿಕೊಂಡೇ ಕುಡಿದರಂತೆ. ಮರದ ನೆರಳು ಪೂರ್ವಕ್ಕೆ ಚಾಚಿತ್ತು. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು.

ಸಂಜೆಯ ಹೊತ್ತಿಗೆ ವಿಶ್ವೇಶ್ವರಪುರ ಎಚ್ಚರಗೊಳ್ಳುತ್ತದೆ. ದಾರಿಯಲ್ಲಿ ವಿ. ಬಿ. ಬೇಕರಿಯಲ್ಲಿ ಒಂದು ಖಾರದ ಬನ್ನನ್ನೂ, ಮಸಾಲೆ ಬೆರೆಸಿದ ‘ಕಾಂಗ್ರೆಸ್ ಕಡಲೆಕಾಯಿ’ಯ ಪೊಟ್ಟಣವನ್ನೂ ಕೊಂಡರು. ಸಜ್ಜನರಾವ್ ವೃತ್ತದ ಬಳಿಯ ತಿಂಡಿಬೀದಿಯಲ್ಲಿ ದೀಪಗಳು ಹೊತ್ತಿಕೊಂಡಿದ್ದವು. ಒಂದೆಡೆ ಕಾವಲಿಯ ಮೇಲೆ ಹೋಳಿಗೆ ಉಬ್ಬುತ್ತಿತ್ತು. ಒಂದೆಡೆ ಗುಳಿಗಳಲ್ಲಿ ಪಡ್ಡು ಹೊರಳುತ್ತಿತ್ತು. ಬಜ್ಜಿಯ ಬಾಣಲೆಯಿಂದ ಹೊಗೆಯೇಳುತ್ತಿತ್ತು. ಕಾಲವೂ ಅವರೆಕಾಯಿಯದು. ಮಾಗಿಯ ಮಂಜಿನಲ್ಲಿ ಸೊಗಡು ತುಂಬಿಕೊಂಡ ಅವರೆ ದೋಸೆಯಲ್ಲಿ, ಉಪ್ಪಿಟ್ಟಿನಲ್ಲಿ, ರೊಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಸಿಪ್ಪೆ ಸುಲಿದ ಹಿತಕಿದ ಬೇಳೆಯ ಸಾರಿನ ಪರಿಮಳಕ್ಕೆ ದಾರಿಹೋಕರ ಕಾಲು ತಾವಾಗಿಯೇ ನಿಲ್ಲುತ್ತಿದ್ದವು.

ಅಜ್ಜ ತಿಂಡಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ತಟ್ಟೆ ತೊಳೆಯುವ ಸ್ಥಳಗಳನ್ನು ನೋಡುತ್ತ ನಡೆದರು. ಅಲ್ಲಿ ಎಳೆಯ ಕೈಗಳು ಕಾಣದಿದ್ದುದರಿಂದ ಅವರಿಗೆ ನೆಮ್ಮದಿಯಾಯಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾ, ಚಹದಂಗಡಿಗಳಲ್ಲಿ ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರ್ 10ರಿಂದ ಜಾರಿಗೆ ಬಂದಿದೆ. “ಆ ಕಾನೂನು ನನ್ನ ಕಾಲಕ್ಕೆ ಇರಲಿಲ್ಲ. ನಿನ್ನ ಕಾಲಕ್ಕೆ ಇದೆ. ಅದನ್ನು ಹಿಂಬಾಗಿಲಿನವರೆಗೂ ಕೊಂಡುಹೋಗುವುದು ನಿಮ್ಮ ಕೆಲಸ” ಎಂದರು.

ರಾತ್ರಿ ಹತ್ತರ ಸುಮಾರಿಗೆ ಗಾಂಧಿ ಬಜಾರಿಗೆ ಮರಳಿದರು. ಹೂವಿನವರು ಉಳಿದ ಮಾಲೆಗಳಿಗೆ ನೀರು ಚಿಮುಕಿಸಿ ಒದ್ದೆಯ ಗೋಣಿ ಹೊದಿಸುತ್ತಿದ್ದರು. ಹೋಟೆಲೊಂದರ ಬಾಗಿಲು ಅರ್ಧ ಇಳಿದಿತ್ತು. ಒಳಗೆ ಕುರ್ಚಿಗಳು ಮೇಜುಗಳ ಮೇಲೆ ತಲೆಕೆಳಗಾಗಿ ಕುಳಿತಿದ್ದವು. ಯುವಕನೊಬ್ಬ ನೆಲ ಒರೆಸುತ್ತಿದ್ದ. ದೂರದ ಯಾವುದೋ ರಾಜ್ಯದಿಂದ ಬಂದವನೆಂದು ಅವನು ಗುನುಗುತ್ತಿದ್ದ ಹಾಡಿನಿಂದ ತಿಳಿಯುತ್ತಿತ್ತು. ಹಿಂದೆ ಕರಾವಳಿಯಿಂದ ಬಂದ ಹುಡುಗರು ಮಾಡುತ್ತಿದ್ದ ಕೆಲಸಕ್ಕೆ ಈಗ ಬೇರೆ ದಿಕ್ಕುಗಳಿಂದ ಜನ ಬರುತ್ತಾರೆ. ಭಾಷೆ ಬದಲಾಗಿದೆ, ಮನೆಯನ್ನು ಬಿಟ್ಟುಬಂದ ನೋವು ಬದಲಾಗಿಲ್ಲ.

“ಕುಡಿಯಲು ಸ್ವಲ್ಪ ನೀರು ಸಿಗುತ್ತದೆಯೇ ಅಣ್ಣ?” ಎಂದು ಹುಡುಗ ಬಾಗಿಲಲ್ಲಿ ನಿಂತು ಕೇಳಿದ. ಯುವಕ ಕೈ ಒರೆಸಿಕೊಂಡು ಎರಡು ಲೋಟ ನೀರು ತಂದ. ಹುಡುಗ ನೀರು ಕುಡಿದು, ಲೋಟವನ್ನು ಅವನ ಕೈಗೇ ಕೊಟ್ಟು, ಒಂದು ಕ್ಷಣ ತಡೆದು ಕೇಳಿದ: “ನಿಮ್ಮ ಹೆಸರೇನು?”

ಯುವಕನಿಗೆ ಪ್ರಶ್ನೆ ಅರ್ಥವಾಗಲು ಕೊಂಚ ಸಮಯ ಹಿಡಿಯಿತು. ಅರ್ಥವಾದಾಗ ಅವನ ಮುಖ ಅರಳಿತು. ಹೆಸರು ಹೇಳಿದ, ತನ್ನ ಊರಿನ ಹೆಸರನ್ನೂ, ಯಾರೂ ಕೇಳದೆಯೇ, ಜೊತೆಗೆ ಸೇರಿಸಿದ.

ಅಜ್ಜ ಏನೂ ಮಾತನಾಡಲಿಲ್ಲ. ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ಮನೆಯ ಕಡೆಗೆ ಹೆಜ್ಜೆ ಹಾಕಿದರು. ಬೆಳಗಿನಿಂದ ಅವರು ಉಂಡ ತಿಂಡಿಗಳು ಹಲವು. ಅವುಗಳ ರುಚಿ ನಾಲಗೆಯ ಮೇಲೆ ಒಂದೆರಡು ಗಳಿಗೆ ನಿಂತೀತು. ಒಂದು ಊರಿನ ಪಂಕ್ತಿ ದೊಡ್ಡದಾಗುವುದು ಎಲೆಗಳ ಲೆಕ್ಕದಿಂದಲ್ಲ. ಬಡಿಸಿದವನೂ ತೊಳೆದವನೂ ಸೌದೆ ಒಡೆದವನೂ ಉಂಡವನ ಪಕ್ಕದಲ್ಲಿ, ತಂತಮ್ಮ ಹೆಸರಿನೊಡನೆ, ಕುಳಿತಾಗಲೇ ಅದು ಪೂರ್ಣವಾಗುತ್ತದೆ.